ಕೊಣ್ಣೂರ ಮಣ್ಣಿನ ಕಿಟ್ಲಿ, ನಮ್ಮನಿ ಚಾ

ಗಜೇಂದ್ರಗಡ–ರೋಣ–ನರಗುಂದ–ಕೊಣ್ಣೂರ ದಾರ್ಯಾಗ ಹನ್ನೆರಡು ವರ್ಷದಿಂದ ಕಂಡಕ್ಟರ್ ಆಗೇನಿ. ಬಸ್ಸಿನಾಗ ಏನೇನೋ ನೋಡೇನಿ, ಯಾವುದಕ್ಕೂ ಬೆರಗಾಗಿಲ್ಲ. ಆದ್ರ ಒಂದು ಮಣ್ಣಿನ ಕಿಟ್ಲಿ ಮನಿಗೆ ಬಂದಾಗಿಂದ, ಆಗಾಗ ಬಾಯಿ ತಗದು ನಿಂದ್ರೋ ಹಂಗ ಏನರೆ ಒಂದು ಆಗಕೋತನ ಐತಿ.

೧. ಹೊಳಿ ಚಾ

ಕೊಣ್ಣೂರಾಗ ಒಬ್ಬಾಕಿ ಕುಂಬಾರ ಅಜ್ಜಿ ಬಸ್ ಹತ್ತಿದ್ಲು. ಬುಟ್ಟ್ಯಾಗ ಹುಲ್ಲಿನ ನಡುವ ಕೈಲೆ ಮಾಡಿದ ಚಾದ ಕಿಟ್ಲಿ. ಮುಚ್ಚಳದ ಮ್ಯಾಲ ಆಕಿ ಹೆಬ್ಬೆಟ್ಟಿನ ಗುರುತು ಹಂಗ ಇತ್ತು. ಒಂದು ಕೊಂಡೆ. ಮನ್ಯಾಗ ಚಾ ಕುದಿಸಿ, ಅದರಾಗ ಸೋಸಿ ಕುಡದ್ರ ಬರೇ ಮಣ್ಣಿನ ವಾಸನಿ! ಮರುದಿನ ಅಜ್ಜಿ ಮತ್ತ ಸಿಕ್ಕಳು.

"ಏನಬೇ, ಚಾ ಕುಡದ್ರ ಹೊಳಿ ಕುಡದಂಗಾತು!"

"ಒಂದ ದಿನಕ್ಕ ಯಾರು ಹೊಂದಿಕೋತಾರೋ ತಮ್ಮಾ? ಎಂಟ ದಿನ ನೀ ಅದಕ್ಕ ಚಾ ಕುಡಸು. ಆಮ್ಯಾಲ ಅದು ನಿನಗ ಕುಡಸತೈತಿ."

ಎಂಟನೇ ದಿನ ಕುಡದೆ. ಅದ ಪುಡಿ, ಅದ ಹಾಲು. ಆದ್ರ ಮಣ್ಣಿನ ವಾಸನಿ ಹೋಗಿ, ಒಗರು ಪೂರಾ ಇಳದು, ಗಂಟಲದಾಗ ಮೆತ್ತಗ ಜಾರಿತು. ಕಣ್ಣು ಮುಚ್ಚಿ ಸುಮ್ಮನ ಕುಂತಬಿಟ್ಟೆ.

ನಮ್ಮನಿಯಾಕಿ ಗಾಬರಿಯಾಗಿ ಓಡಿಬಂದ್ಲು: "ಯಾಕ್ರೀ, ಎದಿ ನೋಯಾಕ ಹತ್ತೇತೇನ್ರಿ?"

೨. ನಿಂಬಿ ಘಮ

ನನ್ನ ರೂಟ್ ಬದಲಿ ಮಾಡೋ ವಿಚಾರದಾಗ ಇದ್ರು ಡಿಪೋ ಸಾಹೇಬ್ರು. ಅದನ್ನ ತಪ್ಪಿಸಬೇಕಂತ ಮನಿಗೆ ಚಾಕ್ಕ ಕರದೆ. ಸಾಹೇಬ್ರು ಬರ್ತಾರಂತ ನಮ್ಮನಿಯಾಕಿ ಕಿಟ್ಲೀನ ಭಾಂಡೆ ತಿಕ್ಕೋ ಸಾಬೂನ ಹಚ್ಚಿ ತಿಕ್ಕೇ ತಿಕ್ಕಿದ್ಲು. ಮಣ್ಣು ಸಾಬೂನನೂ ಕುಡೀತೈತಿ ಅಂತ ನಮಗೇನು ಗೊತ್ತು?

ಸಾಹೇಬ್ರು ಒಂದು ಗುಟುಕು ಕುಡದು ಹುಬ್ಬು ಏರಿಸಿದ್ರು. ನನ್ನ ಜೀವ ಹೋದಂಗಾತು.

"ಹಾಲಿನ ಚಾದಾಗ ನಿಂಬಿ ಘಮ! ಆದ್ರೂ ಹಾಲು ಒಡದಿಲ್ಲ! ಹ್ಯಾಂಗ್ರಿ ಇದು?"

"ಮಣ್ಣಿನ ಗುಣಾರಿ ಸರ್" ಅಂದೆ.

ಇನ್ನೊಂದು ಕಪ್ ಕೇಳಿ ಕುಡದ್ರು. ನನ್ನ ರೂಟ್ ಬದಲಿ ಆಗಲಿಲ್ಲ. ಮರುದಿನ ಸಾಹೇಬ್ರು ಮಾತ್ರ ಹೊಟ್ಟಿ ಸರಿ ಇಲ್ಲಂತ ರಜಾ ಹಾಕಿದ್ರು.

೩. ಡ್ರೈವರ್ರ ನಾಲಿಗಿ

ಕಿಟ್ಲೀನ ನಾಕ ದಿನ ಬಿಸಿನೀರಾಗ ನೆನಸಿಟ್ಟು ಸಾಬೂನ ಬಿಡಿಸಿದ್ವಿ. ನನ್ನ ಜೋಡಿ ಡ್ಯೂಟಿ ಮಾಡೋ ನರಗುಂದದ ಡ್ರೈವರ್ರು ಭಾಳ ಹಟಮಾರಿ. "ಸ್ಟೀಲ್ ಆದ್ರೇನು, ಮಣ್ಣಾದ್ರೇನು, ಚಾ ಚಾನ" ಅಂತಿದ್ರು. ಒಂದಿನ ಮನಿಗೆ ಕರದು, ಕಣ್ಣಿಗೆ ಟವೆಲ್ ಕಟ್ಟಿ ಎರಡು ಕಪ್ ಕೊಟ್ಟೆ.

"ಇದು ಸ್ಟೀಲ್" ಅಂದ್ರು. ಎರಡನೇದನ್ನ ಬಾಯಾಗ ಆಡಿಸಿ ನುಂಗಿದ್ರು. "ಇದು ಮಣ್ಣು. ಆದ್ರ ಇದರಾಗ ಅಜವಾನದ ಕಷಾಯ ಯಾರಿಗೆ ಮಾಡಿದ್ರಿ?"

"ಯಾರಿಗೂ ಮಾಡಿಲ್ರಿ" ಅಂದೆ. ನಮ್ಮನಿಯಾಕಿ ಮಾರಿ ಸಣ್ಣದಾತು. ಹಿಂದಿನ ದಿನ ಬಾಜೂಮನಿಯವರಿಗೆ ನನಗ ಹೇಳದ ಕಿಟ್ಲಿ ಕೊಟ್ಟಿದ್ಲಂತ, ಅವರ ಕೂಸಿಗೆ ಹೊಟ್ಟಿನೋವಂತ.

ಡ್ರೈವರ್ರು ಟವೆಲ್ ಬಿಚ್ಚದನ ಕಿಟ್ಲಿಗೆ ಕೈ ಮುಗದ್ರು. ಕೈ ಮುಗದದ್ದು ನೀರಿನ ಕೊಡದ ಕಡೆ.

೪. ಬರೇ ನೀರು

ಹೋದ ವರ್ಷ ದವಾಖಾನ್ಯಾಗ ನನಗ ಸಕ್ಕರಿ ಕಾಯಿಲಿ ಐತಿ ಅಂದ್ರು. ನಮ್ಮನಿಯಾಕಿ ಅತ್ತು ಕರದು, ಅವತ್ತಿಂದ ಚಾಕ್ಕ ಸಕ್ಕರಿ ಬಂದ್ ಮಾಡಿದ್ಲು. ಆಕಿ ತನ್ನ ಕಪ್ ತಗೊಂಡು ಹಿತ್ತಲಕ್ಕ ಹೋದ ಕೂಡ್ಲೆ, ನಾನು ಕಿಟ್ಲ್ಯಾಗ ಎರಡು ಚಮಚ ಸಕ್ಕರಿ ಸುರುವಿ ತಿರುವತಿದ್ದೆ. ಪ್ರತಿ ತಪಾಸಣಿಗೂ ನನ್ನ ಸಕ್ಕರಿ ಏರಕೋತನ ಹೊಂಟಿತು. ಪಾಪ, ಆಕಿ ಅನ್ನ ಬಿಡಿಸಿದ್ಲು, ಮಾವಿನಹಣ್ಣು ಬಿಡಿಸಿದ್ಲು, ನನ್ನ ಸಲುವಾಗಿ ತಾನು ಉಪವಾಸ ಹಿಡದ್ಲು.

ಒಂದಿನ ಮುಂಜಾನಿ ಖಾಲಿ ಕಿಟ್ಲಿಗೆ ಬರೇ ಕುದಿಯೋ ನೀರು ಹಾಕಿ, ಮುಚ್ಚಿಟ್ಟು, ಕಪ್ಪಿಗೆ ಬಗ್ಗಿಸಿ ನನ್ನ ಮುಂದ ಇಟ್ಟಳು. "ಕುಡೀರಿ."

ಕುಡದೆ. ಖರೇ ಹೇಳ್ತೀನಿ, ಮೈ ಝುಂ ಅಂತು. ಪುಡಿ ಇಲ್ಲ, ಹಾಲಿಲ್ಲ, ಆದ್ರ ಪೂರಾ ಚಾ! ಬೆರಗಿನಾಗ ನನಗ ಖಬರನ ಉಳೀಲಿಲ್ಲ.

"ಏನು ಮಣ್ಣು ಇದು ಮಾರಾಯ್ತಿ! ಶುಂಠಿ ಐತಿ, ಯಾಲಕ್ಕಿ ಐತಿ, ಸಕ್ಕರೀನೂ ಬರೋಬ್ಬರಿ ಐತಿ ನೋಡು!"

ಆಕಿ ಮೆಲ್ಲಕ ಅಂದ್ಲು: "ಹೌದ್ರಿ? ದಿನಾ ಚಾದಾಗ ಶುಂಠಿ, ಯಾಲಕ್ಕಿ ನಾನು ಹಾಕಿದ್ದು."