ಬೀಟ್‌ರೂಟ್ ಸೂಪಿನ ಬೋರ್ಡನ್ನು ಹೊತ್ತೊಯ್ದ ಅಧಿಕಾರಿಗಳಿಗೆ

ಬ್ರೆಡನ್ ಮಿಲ್ಸ್ ಪಟ್ಟಣದ ಫುಟ್‌ಪಾತ್ ಫಲಕಗಳ ನಿಯಂತ್ರಣಾಧಿಕಾರಿಗಳಾದ ಶ್ರೀ ಹೋಬರ್ಟ್ ಕ್ಲೈನ್ ಅವರ ಸನ್ನಿಧಿಗೆ,

ಮಾನ್ಯರೇ,

ಎರಡನೇ ಬೀದಿಯ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸೂಪು ಕಾಯಿಸಿ, ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು ಬೇಯಿಸಿ ಬಡಿಸುತ್ತಿರುವ ಬರ್ನಡೆಟ್ ಕೋಜಾಕ್ ಎಂಬ ನಾನು, ತಮ್ಮ ಆರೋಗ್ಯವನ್ನೂ ತಮ್ಮ ಅಳತೆಟೇಪಿನ ಆರೋಗ್ಯವನ್ನೂ ಹಾರೈಸಿ, ಊರಿನ ಪತ್ರಿಕೆಯ ಮೂಲಕವೇ ಈ ಬಿನ್ನಹವನ್ನು ಸಲ್ಲಿಸುತ್ತಿದ್ದೇನೆ. ತಮ್ಮ ಕಚೇರಿಯ ಪೆಟ್ಟಿಗೆಗೆ ಹಾಕಿದ ಮೂರು ಪತ್ರಗಳಿಗೆ ಉತ್ತರ ಬಾರದ ಕಾರಣ, ಅವು ಪೆಟ್ಟಿಗೆಯ ಬಾಯಿಗಿಂತ ಅಗಲವಾಗಿದ್ದುವೇನೋ ಎಂಬ ಅನುಮಾನ ನನಗಿದೆ.

ನಮ್ಮ ಹೋಟೆಲು ಬೀದಿಯಿಂದ ಏಳು ಮೆಟ್ಟಿಲು ಕೆಳಗಿದೆ. ಮೇಲೆ ನಡೆಯುವವರಿಗೆ ಕಾಣುವುದು ಒಂದು ಕಬ್ಬಿಣದ ಕಂಬಿ ಮಾತ್ರ. ಅದಕ್ಕಾಗಿಯೇ ನನ್ನ ಗಂಡ ಸ್ಟಾನ್ಲಿ, ಮುಚ್ಚಿಹೋದ ಶಾಲೆಯೊಂದರ ಕರಿಹಲಗೆಯನ್ನು ಎರಡಾಗಿ ಕತ್ತರಿಸಿ, ಮೇಲ್ತುದಿಗೆ ಕೀಲು ಬಡಿದು, ಡೇರೆಯಂತೆ ನಿಲ್ಲುವ ಬೋರ್ಡೊಂದನ್ನು ಮಾಡಿಕೊಟ್ಟಿದ್ದರು. ಅದರ ಮೇಲೆ ನಾನು ದಿನವೂ ಆ ಹೊತ್ತಿನ ಸೂಪಿನ ಹೆಸರು ಬರೆಯುತ್ತಿದ್ದೆ, ಕೆಳಗೆ ಊರಿನ ಸುದ್ದಿ ಒಂದು ಸಾಲು: ಯಾರ ಬೆಕ್ಕು ಕಳೆದಿದೆ, ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾರು ತೀರಿಕೊಂಡರು. ನಮ್ಮ ಸೂಪನ್ನು ಒಂದು ಚಮಚವೂ ಬಾಯಿಗಿಡದವರು ಸಹ ನಿಂತು ಓದಿ ಹೋಗುತ್ತಿದ್ದರು. ಇದು ಅಪರಾಧವೆಂದು ಏಪ್ರಿಲ್ ತಿಂಗಳವರೆಗೆ ನಮಗೆ ತಿಳಿದಿರಲಿಲ್ಲ.

ಏಪ್ರಿಲ್‌ನಲ್ಲಿ ಹದಿನಾಲ್ಕು ಪುಟದ ನಿಯಮಾವಳಿ ಜಾರಿಯಾಯಿತು, ಅದರ ಹಿಂದೆಯೇ ತಾವೂ ಬಂದಿರಿ. ಗಾಲಿಕುರ್ಚಿಯವರಿಗೂ ಊರುಗೋಲಿನವರಿಗೂ ನಾಲ್ಕು ಅಡಿ ದಾರಿ ಬಿಡಬೇಕೆಂಬ ಮಾತು ನ್ಯಾಯವಾದದ್ದು. ನಾವು ಮೊದಲಿನಿಂದಲೂ ಐದು ಅಡಿ ಬಿಟ್ಟಿದ್ದೆವು, ಅದನ್ನು ತಾವು ಅಳೆದು ಕೊಂಚ ನಿರಾಶರಾದಿರಿ. ಆದರೆ ತಮ್ಮ ಶ್ರದ್ಧೆ ದೊಡ್ಡದು. ಬೋರ್ಡು ಎರಡು ಇಂಚು ಹೆಚ್ಚು ಅಗಲವೆಂದು ಕಂಡುಹಿಡಿದಿರಿ, ಸ್ಟಾನ್ಲಿ ಗರಗಸ ಹಿಡಿದರು. ಗಾಳಿಗೆ ಬೀಳುತ್ತದೆ ಎಂದಿರಿ, ಮರಳಿನ ಚೀಲವಿಟ್ಟೆವು. ಮರಳಿನ ಚೀಲವೇ ಅಡಚಣೆ ಎಂದಿರಿ, ಅದನ್ನು ತೆಗೆದು ಒಳಗಡೆ ಕಬ್ಬಿಣದ ಪಟ್ಟಿ ಬಡಿದೆವು. ಆ ಪಟ್ಟಿ ನೋಡಲು ತಾವು ಒದ್ದೆ ನೆಲದ ಮೇಲೆ ಮಂಡಿಯೂರಿದ ಭಂಗಿಯನ್ನು ಈ ಬೀದಿಯವರು ಚರ್ಚಿನಲ್ಲೂ ಕಂಡಿಲ್ಲ.

ಮುಂದಿನ ಭೇಟಿಯಲ್ಲಿ ತಾವು ಒಂಬತ್ತನೇ ಕಲಮನ್ನು ತಂದಿರಿ: ಫಲಕದ ಮೇಲೆ ವ್ಯಾಪಾರಕ್ಕೆ ಸಂಬಂಧಿಸದ ಅಕ್ಷರ ಇರಕೂಡದು. ಆ ದಿನ ಎಲೆಕೋಸಿನ ಸೂಪಿನ ಕೆಳಗೆ, ಗುರುವಾರ ಹತ್ತು ಗಂಟೆಗೆ ಹೆಲೆನ್ ನೋವಾಕ್ ಅವರ ಅಂತ್ಯಕ್ರಿಯೆ ಎಂದು ಬರೆದಿತ್ತು. ತಾವು ಬೆರಳು ತೋರಿಸಿ ಹೇಳಿದಿರಿ, "ಮೇಡಂ, ಸೂಪು ಇರ್ಲಿ, ಸತ್ತವ್ರನ್ನ ಅಳಿಸಿ." ನಾನು ಏಪ್ರನ್ನಿನ ಅಂಚಿನಿಂದ ಹೆಲೆನ್ನಳನ್ನು ಅಳಿಸಿದೆ. ಮೂವತ್ತು ವರ್ಷದ ಗೆಳತಿ, ಒಂದೇ ಉಜ್ಜಿಗೆ ಹೋದಳು.

ಈಗ ಅಕ್ಟೋಬರಿನ ಸಂಗತಿಗೆ ಬರುತ್ತೇನೆ. ಲುಡ್ವಿಕ್ ಪಾಯುಕ್ ಎಂಬ ಎಂಬತ್ತಮೂರರ ಹಿರಿಯರು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸಿ ನಿವೃತ್ತರಾದವರು, ಮದುವೆಯಾಗದವರು, ಹನ್ನೊಂದೂವರೆಗೆ ನಮ್ಮಲ್ಲಿಗೆ ಬಂದು, ಅದೇ ಕುರ್ಚಿಯಲ್ಲಿ ಕೂತು, ಉಪ್ಪು ಜಾಸ್ತಿಯಾಯಿತೆಂದು ಬೈದು, ಬಟ್ಟಲು ಬರಿದು ಮಾಡಿ ಹೋಗುವವರು. ಆ ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಹನ್ನೆರಡು ಗಂಟೆಯಾಯಿತು, ಬರಲಿಲ್ಲ. ಅವರು ಫೋನು ಎತ್ತುವುದಿಲ್ಲ. ಪೊಲೀಸರನ್ನು ಕಳಿಸಬಹುದಿತ್ತು, ನಿಜ. ಮಾರ್ಚಿನಲ್ಲಿ ಒಮ್ಮೆ ಹಾಗೆ ಕಳಿಸಿದಾಗ ಪಾಯುಕ್ ಸ್ನಾನ ಮಾಡುತ್ತಿದ್ದರು, ಆಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಸ್ಟಾನ್ಲಿ ಕಣ್ಣಿನ ಆಪರೇಷನ್ನಿಗೆಂದು ಪಿಟ್ಸ್‌ಬರ್ಗಿಗೆ ಹೋಗಿದ್ದರಿಂದ ಉರಿಯುವ ಒಲೆಗಳ ಮುಂದೆ ನಾನೊಬ್ಬಳೇ ಇದ್ದೆ. ಆಗ ಬೋರ್ಡಿನ ಮೇಲೆ ಹೀಗೆ ಬರೆದೆ: "ಇಂದು ಬೀಟ್‌ರೂಟ್ ಸೂಪು. ಲುಡ್ವಿಕ್ ಪಾಯುಕ್ ಅವರ ಬಟ್ಟಲು ಎರಡು ದಿನದಿಂದ ಆರುತ್ತಿದೆ. ಮೂರನೇ ಬೀದಿಗೆ ಹೋಗುವವರು ಬಾಗಿಲು ತಟ್ಟಿ ಕರೆತನ್ನಿ." ಬಟ್ಟಲೂ ಸೂಪೂ ಬಂದಿರುವುದರಿಂದ ಇದು ವ್ಯಾಪಾರವೇ ಎಂದು ನನ್ನ ಅಲ್ಪಬುದ್ಧಿಗೆ ತೋರಿತ್ತು.

ಸೀಮೆಸುಣ್ಣದ ಪುಡಿ ಕೈಯಿಂದ ಉದುರುವ ಮೊದಲೇ ತಾವು ಬೋರ್ಡನ್ನು ಗಾಡಿಗೆ ಏರಿಸುತ್ತಿದ್ದಿರಿ. ನಾನು ಸೌಟು ಹಿಡಿದೇ ಮೆಟ್ಟಿಲು ಹತ್ತಿ ಬಂದು, "ಸಾರ್, ಬೋರ್ಡು ತಗೊಂಡು ಹೋಗಿ, ಬೇಡ ಅನ್ನಲ್ಲ. ಅದ್ರಲ್ಲಿ ಏನು ಬರ್ದಿದೆ ಅಂತ ಒಂದ್ಸಲ ನೋಡಿ" ಎಂದೆ.

"ನೋಡಿದೀನಿ ಮೇಡಂ. ಒಂದು ಸಾಲು ಮಾತ್ರ ವ್ಯಾಪಾರದ್ದು."

"ಹೇಗಿದ್ರೂ ಮೂರನೇ ಬೀದಿ ಮೇಲೇ ಹೋಗ್ತೀರಲ್ಲ, ಹಾಗೇ ಬಾಗ್ಲು ತಟ್ಟಿ ಹೋಗಿ."

"ಅದು ನಮ್ಮ ಇಲಾಖೆಗೆ ಬರಲ್ಲ" ಎಂದು ತಾವು ಗಾಡಿ ಬಿಟ್ಟಿರಿ. ಬಾಗಿಲುಗಳಿಗೆ ಇನ್ನೂ ಇಲಾಖೆ ಸ್ಥಾಪನೆಯಾಗದಿರುವುದು ನಮ್ಮ ಊರಿನ ದುರದೃಷ್ಟ.

ಬೋರ್ಡಿಲ್ಲದ ಆ ಮಧ್ಯಾಹ್ನ ಊಟಕ್ಕೆ ಬಂದವರು ನಾಲ್ವರು, ನಾಲ್ವರೂ ಬೇರೆ ಊರಿನವರು. ಮೂರು ಗಂಟೆಗೆ ನಾನೇ ಒಲೆ ಆರಿಸಿ, ಬೀಗ ಹಾಕಿ ಓಡಿದೆ. ಪಾಯುಕ್ ಮನೆಯ ಅಡುಗೆಕೋಣೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಹೋದರೆ ಕೆಳಗಿನ ಕತ್ತಲೆಯಿಂದ ಪೈಪನ್ನು ಏನೋ ತಟ್ಟುವ ಸದ್ದು. ಸೋಮವಾರ ಬೆಳಿಗ್ಗೆ ನೆಲಮಾಳಿಗೆಯ ಮೆಟ್ಟಿಲಿಂದ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಬಿದ್ದವರು, ಕೈಗೆ ಸಿಕ್ಕ ಬೂಟಿನಿಂದ ನೀರಿನ ಪೈಪನ್ನು ಬಡಿಯುತ್ತಾ ಒಂದೂಕಾಲು ದಿನ ಕಳೆದಿದ್ದರು. ನನ್ನನ್ನು ಕಂಡು, "ಬರ್ನಿ, ಇಷ್ಟು ಹೊತ್ತಾ? ಸೂಪು ಕಲ್ಲಾಗಿರ್ಬೇಕು" ಎಂದರು. ಅವರ ತುಟಿ ಒಡೆದು ನಾಲಿಗೆ ಊದಿತ್ತು. ಆಂಬುಲೆನ್ಸ್ ಬರುವವರೆಗೂ ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೋಮವಾರವೇ ಯಾಕೆ ಬರಲಿಲ್ಲವೆಂದು ನನ್ನನ್ನೇ ಶಪಿಸಿಕೊಳ್ಳುತ್ತಿದ್ದೆ. ಆ ಪಾಲನ್ನು ತಮ್ಮ ಮೇಲೆ ಹೊರಿಸುವುದಿಲ್ಲ. ಮಂಗಳವಾರದ ಆ ಮೂರು ತಾಸು ಮಾತ್ರ ತಮ್ಮದು. ಇಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ವಿಷಯವೆಲ್ಲ ಕೇಳಿ ಪಾಯುಕ್ ತಮಗೊಂದು ಮಾತು ಹೇಳಿಕಳಿಸಿದ್ದಾರೆ, ಇದ್ದಂತೆಯೇ ಬರೆಯುತ್ತೇನೆ: "ಆ ಟೇಪಿನಪ್ಪನಿಗೆ ಹೇಳು ಬರ್ನಿ, ನಾನು ಅಡ್ಡಾದಿಡ್ಡಿ ಬಿದ್ದಿರ್ಲಿಲ್ಲ. ನಾಲ್ಕು ಅಡಿ ದಾರಿ ಬಿಟ್ಟೇ ಬಿದ್ದಿದ್ದೆ."

ಬೋರ್ಡನ್ನು ಬಿಡಿಸಿಕೊಳ್ಳಲು ತಮ್ಮ ಕಚೇರಿಗೆ ಬಂದಾಗ, ಬೋರ್ಡು ಅದರ ಜಾಗದಲ್ಲಿ ನಿಂತಿರುವ ಹೊಸ ಫೋಟೋ ತರಬೇಕೆಂದು ಅಲ್ಲಿನ ಗುಮಾಸ್ತರು ಹೇಳಿದರು. ತಮ್ಮ ಗೋದಾಮಿನಲ್ಲಿರುವ ವಸ್ತು ನನ್ನ ಬಾಗಿಲಲ್ಲಿ ನಿಂತಿರುವ ಫೋಟೋ ತೆಗೆಯಬಲ್ಲ ಛಾಯಾಗ್ರಾಹಕರ ವಿಳಾಸ ಗೊತ್ತಿದ್ದರೆ ದಯಮಾಡಿ ತಿಳಿಸಬೇಕು. ಹಾಗೆಯೇ, ಹದಿನೈದನೇ ಪುಟವೊಂದನ್ನು ಸೇರಿಸಿ, ಪಟ್ಟಣದ ಒಂಟಿ ಜನರು ಕಚೇರಿಯ ವೇಳೆಯಲ್ಲಿ ಮಾತ್ರ, ಸಂಬಂಧಪಟ್ಟ ಇಲಾಖೆಗೆ ಮೊದಲೇ ಅರ್ಜಿ ಕೊಟ್ಟು, ಅನುಮತಿ ಚೀಟಿಯನ್ನು ಎದೆಗೆ ಅಂಟಿಸಿಕೊಂಡು ಬೀಳತಕ್ಕದ್ದೆಂದು ವಿಧಿಸಬೇಕಾಗಿ ಪ್ರಾರ್ಥನೆ. ಕ್ರಿಸ್ಮಸ್ಸಿಗೆ ಮೊದಲು ಪಾಯುಕ್ ನಡೆಗೋಲು ಹಿಡಿದು ಬರುತ್ತಾರಂತೆ. ಏಳು ಮೆಟ್ಟಿಲು ಇಳಿಯಲಾರರೆಂದು ಸ್ಟಾನ್ಲಿ ಅವರಿಗಾಗಿ ಮೇಲೆಯೇ, ಕಂಬಿಯ ಪಕ್ಕ, ಕುರ್ಚಿಯೊಂದನ್ನು ಹಾಕಲಿದ್ದಾರೆ. ತಾವು ಬಂದು ಅಳೆಯಬಹುದು. ಅದರಲ್ಲಿ ಕೂತವರನ್ನು ಗಾಡಿಗೆ ಏರಿಸಲು ಮಾತ್ರ ಜೊತೆಗೆ ಇನ್ನಿಬ್ಬರು ಬೇಕಾಗುತ್ತಾರೆ.

ಯಾವ ಅನುಮತಿಯನ್ನೂ ಪಡೆಯದೆ ತಮ್ಮ ವಿಶ್ವಾಸಿಯಾಗಿರುವ,
ಬರ್ನಡೆಟ್ ಕೋಜಾಕ್

ಮರೆತ ಮಾತು: ತಮ್ಮ ತಾಯಿಯವರು ಪ್ರತಿ ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆಂಬುದು ತಮಗೆ ತಿಳಿದಿರಲಾರದು. ಕಳೆದ ಶುಕ್ರವಾರ ಅವರು ಬರಲಿಲ್ಲ. ಬರೆಯಲು ಬೋರ್ಡಿಲ್ಲದ್ದರಿಂದ ನಾನೇ ಸೂಪು ಹಿಡಿದು ಹೋಗಿ ಬಾಗಿಲು ತಟ್ಟಿದೆ. ಬರೀ ನೆಗಡಿ, ಗಾಬರಿಯಾಗಬೇಡಿ. ತಾವು ಕೊನೆಯ ಸಲ ಬಂದುಹೋದದ್ದು ಯಾವಾಗ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಕ್ಯಾಲೆಂಡರನ್ನು ನೋಡಿ, ಸೂಪು ಚೆನ್ನಾಗಿದೆ ಎಂದರು.