ಆರುನೂರು ವ್ಯಾಟಿನ ಡಬ್ಬಿ

ಬಸವಪ್ರಭು ತನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮರುದಿನವೇ ಚಾಮರಾಜಪೇಟೆಯ ಆ ವಠಾರದ ಫ್ಯೂಸು ಹೋಯಿತು. ಅವನದು ಮದುವೆ ವಿಡಿಯೋ ಎಡಿಟ್ ಮಾಡುವ ಕೆಲಸ. ವಧುವಿನ ಮೇಲೆ ನಾಲ್ಕು ಗುಲಾಬಿ ದಳ ಉದುರಿಸುವಷ್ಟರಲ್ಲಿ ಕಂಪ್ಯೂಟರು ಮುದಿ ಎತ್ತಿನಂತೆ ಮಲಗಿಬಿಡುತ್ತಿತ್ತು, ಅದಕ್ಕೇ ಈ ಕಾರ್ಡು. ಅದು ಕರೆಂಟು ಜಾಸ್ತಿ ಎಳೆಯುತ್ತದೆಂದು ಕೇಳಿ, ಯಾವುದಕ್ಕೂ ಇರಲಿ ಎಂದು, ಬೇಕಾದ್ದಕ್ಕಿಂತ ದುಪ್ಪಟ್ಟು ತಾಕತ್ತಿನ ಪವರ್ ಸಪ್ಲೈ ಡಬ್ಬಿಯನ್ನೂ ನಗರ್ತಪೇಟೆಯ ಅಂಗಡಿಯೊಂದರಿಂದ ತಂದಿದ್ದ.

ಪಕ್ಕದ ಮನೆಯ ಜಾನಕಮ್ಮ ದೋಸೆ ಹಿಟ್ಟು ಮೆತ್ತಿದ ಕೈಯಲ್ಲೇ ವಠಾರದ ಮಾಲೀಕ ಶೀನಣ್ಣನವರನ್ನು ಕರೆತಂದರು. ಶೀನಣ್ಣ ಕನ್ನಡಕ ಏರಿಸಿ, ಕಳ್ಳನ ಮುಖ ನೋಡುವಂತೆ ಡಬ್ಬಿಯನ್ನು ನೋಡಿದರು.

“ಆರ್ನೂರು ವ್ಯಾಟ್ ಅಂತ ಬರ್ದಿದೆ. ನೀವೊಬ್ರೇ ಇಷ್ಟು ಕರೆಂಟ್ ತಿಂದ್ರೆ ಉಳಿದೋರ ಗತಿ ಏನ್ರೀ?”

“ಅದು ತಿನ್ನೋ ಲೆಕ್ಕ ಅಲ್ಲ ಸಾರ್, ಕೊಡೋ ತಾಕತ್ತು. ಕಂಪ್ಯೂಟರ್‌ಗೆ ಅದರಲ್ಲಿ ಅರ್ಧ ಸಾಕು. ಮಿಕ್ಕಿದ್ದು ಸೇಫ್ಟಿಗೆ.”

“ಯಾರ ಸೇಫ್ಟಿಗೆ?” ಎಂದರು ಜಾನಕಮ್ಮ.

ಶೀನಣ್ಣ ಫ್ಯೂಸು ಕಟ್ಟಿದರು. ಜಾನಕಮ್ಮನ ಗ್ರೈಂಡರು ಸುಖವಾಗಿ ತಿರುಗಿತು. ಬಸವಪ್ರಭು ಕಂಪ್ಯೂಟರಿನ ಗುಂಡಿ ಒತ್ತಿದ. ಫ್ಯೂಸು ಮತ್ತೆ ಹೋಗಿ ವಠಾರವೆಲ್ಲ ಸ್ತಬ್ಧವಾಯಿತು.

“ಸಾಯಂಕಾಲದೊಳಗೆ ಮನೆ ಖಾಲಿ ಮಾಡ್ಬಿಡಿ,” ಎಂದರು ಶೀನಣ್ಣ.

ಜಾನಕಮ್ಮ ಡಬ್ಬಿಯನ್ನು ಹೊರಗೆ ತೆಗೆಸಿ, ಕೈಯಲ್ಲೆತ್ತಿ ತೂಗಿ ನೋಡಿದರು.

“ಇದ್ಯಾಕೆ ಇಷ್ಟು ಭಾರ? ಒಳಗೆ ಒಲೆ ಏನಾದ್ರೂ ಇಟ್ಕೊಂಡಿದೀರಾ?”

ಬಸವಪ್ರಭುವಿಗೆ ರೋಷ ಬಂತು. “ನೀವೇ ನೋಡ್ಬಿಡಿ,” ಎಂದು ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿದ. ಒಳಗೆ ಅಂಗೈಯಗಲದ ಸರ್ಕ್ಯೂಟು, ಕೂದಲೆಳೆಯಂಥ ನಾಲ್ಕು ವೈರು. ಮೂಲೆಯಲ್ಲಿ ಅಂಟಿಸಿದ ಬೂದು ಬಣ್ಣದ ಗಟ್ಟಿ. ಜಾನಕಮ್ಮ ಉಗುರಿನಿಂದ ಕೆರೆದು, “ಸಿಮೆಂಟು” ಎಂದರು.

ಕೈಗೆ ಭಾರವಾಗಿ, ಗಟ್ಟಿಮುಟ್ಟು ಅನ್ನಿಸಲೆಂದು ಯಾರೋ ಮಾಡಿದ ಉಪಾಯ. ಆರುನೂರಲ್ಲ, ಇನ್ನೂರು ವ್ಯಾಟನ್ನೂ ಆ ವೈರುಗಳು ತಾಳುತ್ತಿರಲಿಲ್ಲ; ಶಾರ್ಟ್ ಆಗಿ ಫ್ಯೂಸು ಹೋಗುತ್ತಿದ್ದುದು ಅದಕ್ಕೇ. ಇನ್ನೊಂದು ಸಲ ಗುಂಡಿ ಒತ್ತಿದ್ದರೆ ಹೊಸ ಕಾರ್ಡೂ ಸುಟ್ಟುಹೋಗುತ್ತಿತ್ತು.

ಶೀನಣ್ಣ ಕರಗಿದರು. “ಪಾಪ, ಮೋಸ ಆಗಿರೋದು ನಿಮಗೇ. ಮನೇಲೇ ಇರಿ. ಮೊದ್ಲು ಹೋಗಿ ಆ ಅಂಗಡಿಯೋನ್ನ ಹಿಡ್ಕೊಳಿ.”

ಬಸವಪ್ರಭು ಅದೇ ಬಿಸಿಯಲ್ಲಿ ನಗರ್ತಪೇಟೆಗೆ ಓಡಿದ. ಅಂಗಡಿಯವನು ಡಬ್ಬಿಯನ್ನು ನಿಧಾನವಾಗಿ ತಿರುಗಿಸಿದ.

“ಸೀಲ್ ಒಡ್ದಿದೀರಲ್ಲ ಸಾರ್. ಗ್ಯಾರಂಟಿ ಹೋಯ್ತು.”

“ಒಳಗೆ ಸಿಮೆಂಟ್ ಇದೆಯಲ್ರೀ.”

ಅಂಗಡಿಯವನು ಗಟ್ಟಿಯನ್ನು ನೋಡಿದ. ಆಮೇಲೆ ಬಸವಪ್ರಭುವನ್ನು ಕಾಲಿನಿಂದ ತಲೆಯವರೆಗೆ ನೋಡಿದ.

“ನಾನೂ ಅದನ್ನೇ ಕೇಳೋಣ ಅಂತಿದ್ದೆ. ನಿಮ್ಮನೇಲಿ ಗಾರೆ ಕೆಲ್ಸ ಏನಾದ್ರೂ ನಡೀತಿದ್ಯಾ?”