ಮೂವತ್ತೊಂದನೆಯ ಸೀರೆ

ಸೀರೆ ಅಂಗಡಿಯಲ್ಲಿ ಗಂಡಂದಿರಿಗೆಂದೇ ಒಂದು ಜಾಗವಿರುತ್ತದೆ. ಹೆಂಗಸರ ಬೆನ್ನ ಹಿಂದೆ, ಗೋಡೆಗೆ ಒತ್ತಿ ಇಟ್ಟ ಪ್ಲಾಸ್ಟಿಕ್ ಸ್ಟೂಲು. ಅಲ್ಲಿ ಕೂತವನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಎಲ್ಲರೂ ಅವನನ್ನು ಮರೆತುಬಿಡುತ್ತಾರೆ. ನಾನು ಇಪ್ಪತ್ತಾರು ವರ್ಷ ಆ ಸ್ಟೂಲಿನ ಮೇಲೆ ಕೂತಿದ್ದೇನೆ. ಸೀರೆ ಮಾರುವ ವಿದ್ಯೆ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ ಎಂಬ ನಂಬಿಕೆ ನನಗೆ ಬಂದದ್ದು ಅಲ್ಲಿಂದಲೇ. ಆ ನಂಬಿಕೆ ಈಗಲೂ ಪೂರ್ತಿ ಹೋಗಿಲ್ಲ, ಸ್ವಲ್ಪ ಅಲ್ಲಾಡಿದೆ. ಹೇಗೆ ಅಲ್ಲಾಡಿತು ಎಂಬುದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಾನು ಬಳ್ಳಾರಿ ಕಡೆಯವನು. ವಿಶಾಖಪಟ್ಟಣದ ಬಂದರಿನಲ್ಲಿ ಒಂದು ಖಾಸಗಿ ಕಂಪನಿಗೆ ಸರಕು ಎಣಿಸುವ ಗುಮಾಸ್ತನಾಗಿದ್ದೆ. ಹಡಗಿನಿಂದ ಮೂಟೆ ಇಳಿದ ಹಾಗೆಲ್ಲ ಕಾಗದದ ಮೇಲೆ ಗೆರೆ ಎಳೆಯುವುದು: ನಾಲ್ಕು ನೇರ, ಐದನೆಯದು ಅಡ್ಡ. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಐವತ್ಮೂರನೆಯ ವಯಸ್ಸಿನಲ್ಲಿ ಮನೆಗೆ ಬಂದವನು ಎರಡು ತಿಂಗಳು ಸುಮ್ಮನೆ ಕೂತೆ. ಸುಮ್ಮನೆ ಎಂದರೆ ಪೂರ್ತಿ ಸುಮ್ಮನಲ್ಲ. ಡಬ್ಬಿಯಲ್ಲಿ ಹಪ್ಪಳ ಎಷ್ಟಿವೆ ಎಂದು ನಾನು ಹೇಳಿದ ದಿನ ನನ್ನ ಹೆಂಡತಿ ವನಜಾ ಪತ್ರಿಕೆಯ ಒಂದು ತುಂಡನ್ನು ಕತ್ತರಿಸಿ ತಂದು ಮುಂದಿಟ್ಟಳು. ನಮ್ಮ ಎಂವಿಪಿ ಕಾಲೋನಿಯಲ್ಲೇ ಹೊಸ ಸೀರೆ ಅಂಗಡಿ ತೆರೆಯುತ್ತಿದ್ದರು. ಮಾರಾಟಕ್ಕೆ ಜನ ಬೇಕಿತ್ತು. ಸಂದರ್ಶನ ಮಾತ್ರ ವಿಜಯವಾಡದ ದೊಡ್ಡ ಅಂಗಡಿಯಲ್ಲಿ.

"ಹೋಗಿ ಬರ್ರಿ. ಇನ್ನೊಂದು ತಿಂಗ್ಳು ನೀವು ಮನ್ಯಾಗಿದ್ರೆ ನನ್ನ ತಲೆಕೂದ್ಲನ್ನೂ ಎಣಿಸ್ತೀರಿ," ಅಂದಳು. ಮಾತು ತಮಾಷೆಯದಾದರೂ ಮುಖ ತಮಾಷೆಯದಾಗಿರಲಿಲ್ಲ. ಈ ವಯಸ್ಸಿನವನಿಗೆ ಇದು ತಪ್ಪಿದರೆ ಬೇರೆ ಯಾರೂ ಕರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಜೊತೆಗೆ ತಾನೂ ಹೊರಟಳು. ವಿಜಯವಾಡದಲ್ಲಿ ಅವಳ ಅಕ್ಕನ ಮನೆಯಿದೆ. ನಾನು ಅಂಗಡಿಗೆ, ಅವಳು ಅಕ್ಕನ ಮನೆಗೆ ಎಂದು ಒಪ್ಪಂದವಾಗಿತ್ತು.

ಅಂಗಡಿಯಲ್ಲಿ ಮೊದಲು ಒಂದು ಅರ್ಜಿ ತುಂಬಿಸಿಕೊಂಡರು. ಅನುಭವ ಎಂಬ ಕಡೆ ನಾನು ಧೈರ್ಯವಾಗಿ ಇಪ್ಪತ್ತಾರು ವರ್ಷ ಎಂದು ಬರೆದೆ. ಮ್ಯಾನೇಜರ್ ಪ್ರಸಾದರಾವ್ ಗಾರು ಕನ್ನಡಕವನ್ನು ಹಣೆಗೇರಿಸಿ ತೆಲುಗಿನಲ್ಲಿ ಕೇಳಿದರು: "ಯಾವ ಅಂಗಡಿಯಲ್ಲಂಡಿ?"

"ಎಲ್ಲ ಅಂಗಡಿಗಳಲ್ಲೂ ಸರ್. ಎದುರುಗಡೆ ಕೂತು."

ಅವರು ನಗಲಿಲ್ಲ. ಎರಡನೆಯ ಮಹಡಿಯ ಬಿಳಿ ಮೆತ್ತೆಯನ್ನು ತೋರಿಸಿ, "ಕೂತ್ಕೊಳ್ಳಿ. ಈಗ ಮೆಟ್ಟಿಲು ಹತ್ತಿ ಬರೋ ಗಿರಾಕಿ ನಿಮ್ಮದು. ಒಂದು ಸೀರೆ ಮಾರಿದ್ರೆ ಆಮೇಲೆ ಮಾತಾಡೋಣ," ಎಂದರು.

ಮೆಟ್ಟಿಲು ಹತ್ತಿ ಬಂದದ್ದು ವನಜಾ.

ಅಕ್ಕನ ಮನೆಗೆ ಹೋಗಬೇಕಾಗಿದ್ದವಳು ಇಲ್ಲಿ. ಅವಳು ನನ್ನನ್ನು ಈ ಜನ್ಮದಲ್ಲಿ ಕಂಡಿಲ್ಲದವಳ ಹಾಗೆ ಎದುರಿಗೆ ಕೂತು, "ಏವಂಡಿ, ತೀರಾ ಎದ್ದು ಕಾಣಬಾರದು, ತೀರಾ ಸಪ್ಪೆಯೂ ಆಗಬಾರದು. ಅಂಥದ್ದು ತೋರಿಸಿ," ಎಂದು ತೆಲುಗಿನಲ್ಲಿ ಕೇಳಿದಳು. ತೆಲುಗಿನ ಈ 'ಏವಂಡಿ' ದೊಡ್ಡ ಉಪಕಾರಿ. ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ, ಕಟ್ಟಿಕೊಂಡವನನ್ನೂ ಹಾಗೇ ಕರೆಯುತ್ತಾರೆ. ಮ್ಯಾನೇಜರಿಗೆ ಏನೂ ತಿಳಿಯಲಿಲ್ಲ.

ಸೀರೆ ತೋರಿಸುವ ಗಂಡಸು ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು ತೋರಿಸಬೇಕು. ನಾನೂ ಹಾಕಿಕೊಂಡೆ. ಕನ್ನಡಿಯಲ್ಲಿ ನರೆತ ಮೀಸೆ ಮತ್ತು ಗುಲಾಬಿ ಸೆರಗು ಒಟ್ಟಿಗೆ ಕಂಡವು. "ಆ ಬಣ್ಣ ನಿಮಗೇ ಒಪ್ಪುತ್ತೆ ಬಿಡಿ, ಬೇರೆ ತೆಗೀರಿ," ಅಂದಳು. ಪಕ್ಕದ ಮೆತ್ತೆಯವರು ಕಿಸಕ್ಕೆಂದರು. ನಾನು ಅಭ್ಯಾಸಬಲದಿಂದ ಮಂಡಿಯ ಪಕ್ಕ ಒಂದು ಚೀಟಿ ಇಟ್ಟುಕೊಂಡು, ಬಿಚ್ಚಿದ ಸೀರೆಗೊಂದರಂತೆ ಗೆರೆ ಎಳೆಯುತ್ತಿದ್ದೆ.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಪ್ಪತ್ತಾರು ವರ್ಷ ಸ್ಟೂಲಿನಿಂದ ನಾನು ನೋಡಿದ್ದು ಅವಳ ಬೆನ್ನನ್ನು. ಸೀರೆ ಆರಿಸುವಾಗಿನ ಮುಖವನ್ನು ಇದೇ ಮೊದಲು ನೋಡುತ್ತಿದ್ದೆ. ನಾಲ್ಕನೆಯ ಸೀರೆಯ ಅಂಚಿನ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಕಣ್ಣು ಅರಳಿತು. ಆಮೇಲೆ ಬೆರಳು ಮೆಲ್ಲಗೆ ಸರಿದು ಬೆಲೆಚೀಟಿಯನ್ನು ಮಗುಚಿತು. ಬಾಯಿ ಮಾತ್ರ, "ಈ ಬಣ್ಣ ನಮ್ಮ ನಾದಿನಿ ಹತ್ರ ಇದೆ," ಎಂದಿತು. ನನಗೆ ತಂಗಿಯೇ ಇಲ್ಲ. ಆಮೇಲಿನ ಸೀರೆಗಳಿಗೂ ಹಾಗೇ: ಮೊದಲು ಚೀಟಿ, ಆಮೇಲೆ ಬಣ್ಣದ ತಪ್ಪು. ಇವಳಿಗೆ ಆರಿಸಲು ಬರುವುದಿಲ್ಲ ಎಂದು ನಾನು ಎಷ್ಟು ಜನರ ಮುಂದೆ ಹೇಳಿಕೊಂಡು ನಕ್ಕಿದ್ದೆನೋ, ಅದರ ಲೆಕ್ಕ ಮಾತ್ರ ನಾನು ಇಟ್ಟಿಲ್ಲ.

ಗುಟ್ಟು ತಿಳಿದ ಮೇಲೆ ನನಗೆ ಎಲ್ಲಿಲ್ಲದ ಧೈರ್ಯ ಬಂತು. "ಆ ಅಡಿಯಲ್ಲಿರೋದು ತೆಗೀರಿ," ಎಂದು ಅವಳು ರಾಶಿಯ ಕಡೆ ಕೈ ತೋರಿಸಿದಾಗ ಒಂದು ಬೂದು ಬಣ್ಣದ ಮಂಗಳಗಿರಿ ಸೀರೆ ಎಳೆದು ಹೆಗಲಿಗೆ ಹಾಕಿದೆ. ಸಾಸಿವೆ ಬಣ್ಣದ ಅಂಚು. ಬೆಲೆಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, "ಇದು ನಿಮಗಾಗಿಯೇ ನೇಯ್ದದ್ದು ಮೇಡಂ," ಎಂದೆ. ಅವಳು ನನ್ನ ಹೆಬ್ಬೆರಳನ್ನು ನೋಡಿದಳು. "ಸರಿ, ಇದನ್ನೇ ಕಟ್ಟಿ," ಎಂದಳು. ನಾನು ಮೂವತ್ತೊಂದನೆಯ ಗೆರೆ ಎಳೆದೆ.

ಅವಳು ಇಳಿದು ಹೋದ ಮೇಲೆ ಪ್ರಸಾದರಾವ್ ಗಾರು ಬಂದು ನನ್ನ ಪಕ್ಕ ಕೂತರು. "ಮಾರಿದ್ದು ದೊಡ್ಡದಲ್ಲ. ಅಷ್ಟು ಸೀರೆ ತೆಗೆಸಿದ್ರೂ ನಿಮ್ಮ ಮುಖ ಗಂಟಾಗ್ಲಿಲ್ಲ. ಅಂಥ ಹೆಂಗಸನ್ನ ತಡ್ಕೊಂಡ್ರಿ ಅಂದ್ರೆ ಇನ್ಯಾರನ್ನಾದ್ರೂ ತಡ್ಕೋತೀರಿ. ಪಾಪ, ಆಕೆ ಗಂಡನ ಕತೆ ಏನೋ. ಸೋಮವಾರದಿಂದ ಬನ್ನಿ." ಆಕೆಯ ಗಂಡ ಬಿಚ್ಚಿದ ಸೀರೆಗಳನ್ನು ಮಡಿಸತೊಡಗಿದ.

ವಾಪಸು ಬರುವ ರೈಲಿನಲ್ಲಿ ನನ್ನ ಗತ್ತು ಕೇಳಬೇಕೆ? "ನೋಡಿದ್ಯಾ, ಮೂವತ್ತನ್ನ ಬ್ಯಾಡಂದಾಕೆಗೆ ಮೂವತ್ತೊಂದನೇದು ಮಾರಿದೆ," ಎಂದೆ.

ವನಜಾ ಮಡಿಲಲ್ಲಿದ್ದ ಚೀಲ ತೆರೆದು ಸೀರೆಯ ಅಂಚನ್ನು ಸವರಿದಳು. "ಇದು ಆ ನಾಲ್ಕನೇ ಸೀರೀನೇ ರೀ, ಅಡ್ಯಾಗಿಂದ ಮತ್ತ ತೆಗಿಸಿದೆ. ಆಗ್ಲೇ ಮನಸಿಗೆ ಬಂದಿತ್ತು. 'ಒಂದು ಸೀರೆ ಮಾರಿದ್ರೆ' ಅಂತ ಆ ಸಾಹೇಬ್ರು ಅಂದಿದ್ದು ಮೆಟ್ಲ ಮ್ಯಾಗ ನಿಂತಾಗ ಕೇಳಿಸ್ತು. ನಾಲ್ಕಕ್ಕೇ ತಗೊಂಡು ಎದ್ದಿದ್ರೆ ನಿಮ್ಮ ತಾಳ್ಮೆ ಹೆಂಗ ನೋಡ್ತಿದ್ರು ಅವ್ರು?"

"ಹಂಗಾದ್ರೆ ಒಟ್ಟು..."

"ಮೂವತ್ತು."

ಜೇಬಿನಿಂದ ಚೀಟಿ ತೆಗೆದೆ. ಐದರ ಆರು ಕಟ್ಟುಗಳು, ಪಕ್ಕದಲ್ಲಿ ಒಂದು ಒಂಟಿ ಗೆರೆ. ಒಂದೇ ಮೂಟೆಯನ್ನು ಎರಡು ಸಲ ಎಣಿಸುವ ತಪ್ಪನ್ನು ಬಂದರಿನಲ್ಲಿ ಒಮ್ಮೆಯೂ ಮಾಡಿದವನಲ್ಲ ನಾನು. ಒಂಟಿ ಗೆರೆಯನ್ನು ಹೊಡೆದುಹಾಕಿದೆ.

ಸೋಮವಾರ ನಮ್ಮ ಕಾಲೋನಿಯ ಹೊಸ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅರ್ಜಿಯಲ್ಲಿ ಬರೆದ ಇಪ್ಪತ್ತಾರು ವರ್ಷದ ಅನುಭವವನ್ನು ಮಾತ್ರ ತಿದ್ದಲು ಹೋಗಲಿಲ್ಲ. ಅದು ಯಾರ ಅನುಭವ ಎಂದು ಅಲ್ಲಿ ಕೇಳಿರಲಿಲ್ಲ.